ಹೊಳೆ ದಂಡೆಯ ಬಾಟಲಿಗಳನ್ನು ಅಡಗಿಸಿದವನ ಪತ್ರ

ಮಂಜೇಶ್ವರ, ಕಾಸರಗೋಡು ತಾಲೂಕಿನ ಪಂಚಾಯತ್ ಅಧ್ಯಕ್ಷರಿಗೆ, ವಾರ್ಡ್ ಮೆಂಬರುಗಳಿಗೆ, ಊರೂರಿನ ಆರ್ಟ್ಸ್ ಆಂಡ್ ಸ್ಪೋರ್ಟ್ಸ್ ಕ್ಲಬ್ಬಿನ ಹುಡುಗರಿಗೆ,

ನಮಸ್ಕಾರ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಹದಿನಾಲ್ಕು ವರ್ಷ ಹಿಂದಿನ ಮಾತು. ಶಿರಿಯಾ ಹೊಳೆಗೆ ಸೇರುವ ಒಂದು ತೋಡಿನ ದಂಡೆಯಲ್ಲಿ ನಾವು ಐದು ಜನ ಕೂತಿದ್ದೆವು. ಭಾನುವಾರ ಸಂಜೆ, ಬೇಸಗೆಯ ಸುರು. ಅಡಿಕೆಗೆ ಸ್ವಲ್ಪ ರೇಟು ಬಂದಿತ್ತು. ಗಮ್ಮತ್ತು ಮಾಡಲು ಅಷ್ಟು ಕಾರಣ ಸಾಕಲ್ವಾ. ಕೆಳಗೆ ನೀರು ನಿಲ್ಲಿಸಲು ಕಟ್ಟ (ಒಡ್ಡು) ಹಾಕಿದ್ದರಿಂದ ಗುಂಡಿಯಲ್ಲಿ ನೀರು ಅಂಚಿನವರೆಗೆ ತುಂಬಿ ನಿಂತಿತ್ತು. ನಮ್ಮಲ್ಲೊಬ್ಬ "ಒಂದು ಮುಳುಗು ಹಾಕಿ ಬರ್ತೇನೆ" ಎಂದು ಅಂಗಿ ಬಿಚ್ಚಿ ಇಳಿದ. ಹುಟ್ಟಿದಂದಿನಿಂದ ಅದೇ ನೀರಿನಲ್ಲಿ ಈಜಿದವನು. ನಾವು ಮಾತು ಮುಂದುವರಿಸಿದೆವು. ಅವನು ಕೂಗಲಿಲ್ಲ. ಕೈ ಬೀಸಲಿಲ್ಲ. ಒಂದು ಬೀಡಿ ಸೇದಿ ಮುಗಿಯುವಷ್ಟು ಹೊತ್ತು ಆಗಿರಬಹುದು, ಯಾರೋ "ಅವನೆಲ್ಲಿ?" ಎಂದರು.

ಸಿಕ್ಕಿದಾಗ ತಡವಾಗಿತ್ತು.

ಜನ ಸೇರುವ ಮೊದಲು ನಾನು ಮಾಡಿದ ಕೆಲಸ ಇದು. ಎರಡು ಬಾಟಲಿ, ಐದು ಪ್ಲಾಸ್ಟಿಕ್ ಲೋಟ, ಮಿಕ್ಸ್ಚರಿನ ತೊಟ್ಟೆ, ಎಲ್ಲ ಎತ್ತಿ ಆಚೆ ಮುಂಡೇವಿನ ಪೊದೆಗೆ ಎಸೆದೆ. ಮನೆಯವರಿಗೆ, ಪೊಲೀಸರಿಗೆ, ಎಲ್ಲರಿಗೂ ಒಂದೇ ಮಾತು ಹೇಳಿದೆವು: ಕಾಲು ತೊಳೆಯಲು ಇಳಿದವನು ಜಾರಿದ. ಅವನ ಮರ್ಯಾದೆ ಉಳಿಸಿದೆವು ಎಂದುಕೊಂಡೆವು. ನಮ್ಮದೂ ಉಳಿಯಿತು, ಅದು ಬೇರೆ ವಿಷಯ. ಅವನ ತಾಯಿ ಮಾತ್ರ ಎಲ್ಲಿ ಸಿಕ್ಕಿದರೂ ಒಂದೇ ಪ್ರಶ್ನೆ ಕೇಳುತ್ತಿದ್ದರು. ಅಷ್ಟು ಚೆಂದ ಈಜುವವನು ಮೊಣಕಾಲು ನೀರಿನಲ್ಲಿ ಜಾರಿ ಹೇಗೆ ಹೋದ? ನಾನು ಚಪ್ಪಲಿ ನೋಡುತ್ತಾ ನಿಲ್ಲುತ್ತಿದ್ದೆ. ಕಳೆದ ವರ್ಷ ಅವರೂ ಹೋದರು. ಇನ್ನು ಯಾರಿಗಾಗಿ ಮುಚ್ಚಿಡುವುದು?

ಮುಚ್ಚಿಟ್ಟದ್ದರಿಂದ ಏನಾಯಿತು ಗೊತ್ತಾ? ಮರುವರ್ಷ ಅದೇ ಬಂಡೆಯ ಮೇಲೆ ಬೇರೆ ಹುಡುಗರು ಕೂತರು. ಅವರಿಗೆ ಗೊತ್ತಿದ್ದ ಕತೆ 'ಕಾಲು ಜಾರಿದ' ಕತೆ. ಹಾಗಾಗಿ ಅವರು ಕಾಲು ಜಾಗ್ರತೆ ಇಟ್ಟು ನಡೆದರು, ಕುಡಿದು ನೀರಿಗೆ ಹಾರಿದರು. ಅವರ ಪುಣ್ಯ, ಏನೂ ಆಗಲಿಲ್ಲ.

ಕುಡಿಯಬೇಡಿ ಎಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಆ ಮಾತು ಹೇಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನೇ ಅಪರೂಪಕ್ಕೆ ತೆಗೆದುಕೊಳ್ಳುತ್ತೇನೆ, ಮನೆಯ ಜಗಲಿಯಲ್ಲಿ. ಹೆಂಡತಿ ಬೈಯುತ್ತಾಳೆ. ಬೈಗುಳ ಕೇಳಿಕೊಂಡು ಜಗಲಿಯಲ್ಲಿ ಕೂತವನು ಮುಳುಗುವುದಿಲ್ಲ. ನಾನು ಹೇಳಬೇಕೆಂದಿರುವುದು ಆ ಬೈಗುಳದ ಬಗ್ಗೆಯೇ.

ನಮ್ಮ ಊರಿನಲ್ಲಿ ಜನ ಹೊಳೆ ಬದಿಯಲ್ಲಿ ಯಾಕೆ ಕುಡಿಯುತ್ತಾರೆ? ನೀರು ಚೆಂದ ಎಂದು ಅಲ್ಲ. ಮನೆಯಲ್ಲಿ ಕೂರುವ ಹಾಗಿಲ್ಲ. ಮಾರ್ಗದ ಬದಿ ಕೂತರೆ ಪೊಲೀಸ್ ಜೀಪು. ಸಾರ್ವಜನಿಕ ಜಾಗದಲ್ಲಿ ಕುಡಿಯುವುದು ಕೇರಳದ ಅಬ್ಕಾರಿ ಕಾಯ್ದೆಯ ಪ್ರಕಾರ ಅಪರಾಧ. 23 ತುಂಬದವನಿಗೆ ಕಾನೂನಿನಲ್ಲಿ ಕುಡಿತವೇ ಇಲ್ಲ. ಹಾಗೆಂದು ಇಪ್ಪತ್ತರ ಹುಡುಗರು ಕುಡಿಯುವುದಿಲ್ಲವಾ? ತಲಪಾಡಿ ಗಡಿ ದಾಟಿ ಕರ್ನಾಟಕದಿಂದ ಬರುವ ಮದ್ಯದ ಟೆಟ್ರಾ ಪ್ಯಾಕೆಟು ಯಾರಿಗೆ ಗೊತ್ತಿಲ್ಲ. ಅವರು ಕಣ್ಣಿಗೆ ಬೀಳದ ಜಾಗ ಹುಡುಕುತ್ತಾರೆ. ನಮ್ಮಲ್ಲಿ ಕಣ್ಣಿಗೆ ಬೀಳದ ಜಾಗ ಎಂದರೆ ಯಾವುದು? ಹೊಳೆಯ ಗುಂಡಿ, ಕಲ್ಲುಕೋರೆ, ತೋಟದ ಕೆರೆ, ಕಡಲ ಬದಿಯ ಗಾಳಿಮರದ ತೋಪು. ಎಲ್ಲ ಕಡೆಯೂ ನೀರೇ. ಕೇರಳದ 44 ನದಿಗಳಲ್ಲಿ ಹನ್ನೆರಡು ನಮ್ಮ ಒಂದೇ ಜಿಲ್ಲೆಯಲ್ಲಿ ಹರಿಯುತ್ತವೆ ಎಂದು ಭಾಷಣದಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ನಾಚಿಕೆ ನಮ್ಮನ್ನು ದೂಡಿಕೊಂಡು ಹೋಗಿ ನೀರಿನ ಅಂಚಿನಲ್ಲಿ ಕೂರಿಸುತ್ತದೆ. ಸತ್ತ ಮೇಲೆ ಅದೇ ನಾಚಿಕೆ ಬಾಟಲಿ ಅಡಗಿಸುತ್ತದೆ.

ಇನ್ನು ಕುಡಿದವನಿಗೆ ನೀರಿನಲ್ಲಿ ಆಗುವುದು ಏನು? ಇದನ್ನು ಒಬ್ಬ ಡಾಕ್ಟರು ನನಗೆ ತಾಳ್ಮೆಯಿಂದ ವಿವರಿಸಿದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಿವಿಯ ಒಳಗೆ ಮೂರು ಸಣ್ಣ ಕೊಳವೆಗಳು ಇವೆ, ಒಳಗೆ ದ್ರವ. ನಾವು ನೆಟ್ಟಗೆ ಇದ್ದೇವಾ, ಬಗ್ಗಿದ್ದೇವಾ ಎಂದು ಹೇಳುವುದು ಅವು. ಮದ್ಯ ಅಲ್ಲಿಗೂ ಹೋಗುತ್ತದೆ, ಅಲ್ಲಿನ ಲೆಕ್ಕ ತಪ್ಪಿಸುತ್ತದೆ. ಮಲಗಿದಾಗ ಮನೆಯ ಮಾಡು ತಿರುಗಿದ ಹಾಗೆ ಆಗುವುದು ಅದಕ್ಕೇ. ದಂಡೆಯ ಮೇಲಾದರೆ ಕಣ್ಣಿಗೆ ಮರ ಕಾಣುತ್ತದೆ, ಕಾಲಿಗೆ ನೆಲ ಸಿಗುತ್ತದೆ, ಹೇಗೋ ಸುಧಾರಿಸಿಕೊಳ್ಳಬಹುದು. ನೀರಿನೊಳಗೆ ಕಣ್ಣಿಗೆ ಕೆಸರು ಮಾತ್ರ. ಕಾಲಿಗೆ ಏನೂ ಇಲ್ಲ. ಆಗ ಮೇಲೆ ಯಾವುದು, ಕೆಳಗೆ ಯಾವುದು ಎಂದೇ ಗೊತ್ತಾಗುವುದಿಲ್ಲ. ಒಳ್ಳೆ ಈಜುಗಾರ ಜೋರಾಗಿ ಈಜುತ್ತಾನೆ, ತಳದ ಕಡೆಗೆ.

ಅವನ ತಾಯಿಯ ಪ್ರಶ್ನೆಗೆ ಉತ್ತರ ಅದು ಇರಬಹುದು. ನನಗೆ ಗೊತ್ತಾದಾಗ ಕೇಳಲು ಅವರಿರಲಿಲ್ಲ.

ಕೂಗಲಿಲ್ಲ ಯಾಕೆ ಎಂಬುದಕ್ಕೂ ಉತ್ತರ ಉಂಟು. ಮುಳುಗುವವನ ಬಾಯಿ ನೀರಿನ ಮಟ್ಟದಲ್ಲೇ ಮೇಲೆ ಕೆಳಗೆ ಆಗುತ್ತಿರುತ್ತದೆ. ಸಿಕ್ಕಿದ ಕ್ಷಣದಲ್ಲಿ ಉಸಿರು ಎಳೆದುಕೊಳ್ಳಬೇಕು, ಕೂಗಲು ಉಸಿರು ಎಲ್ಲಿ? ಕೈಗಳು ನೀರನ್ನು ಕೆಳಗೆ ಒತ್ತುತ್ತಿರುತ್ತವೆ, ಬೀಸಲು ಆಗುವುದಿಲ್ಲ. ಹೀಗೆ ಸದ್ದಿಲ್ಲದೆ ಹೋರಾಡುವುದು ಹೆಚ್ಚೆಂದರೆ ಒಂದು ನಿಮಿಷ. ಕುಡಿದವನಿಗೆ ಇನ್ನೂ ಕಡಿಮೆ, ಅವನ ಮೈ ಬೇಗ ಸೋಲುತ್ತದೆ. ನಾಟಕದಲ್ಲಿ ತೋರಿಸುವ ಹಾಗೆ "ಕಾಪಾಡಿ, ಕಾಪಾಡಿ" ಎಂದು ಯಾರೂ ಕೂಗುವುದಿಲ್ಲ ಮಾರಾಯ್ರೆ. ಐದು ಮಾರು ದೂರದಲ್ಲಿ ಕೂತವರಿಗೂ ತಿಳಿಯುವುದಿಲ್ಲ. ನಮಗೆ ತಿಳಿಯಲಿಲ್ಲ.

ಮತ್ತೆ ಆ 'ಬೆಚ್ಚಗಿನ' ಭ್ರಮೆ. ಎರಡು ಪೆಗ್ಗು ಹೋದ ಮೇಲೆ ಮೈ ಬಿಸಿಯಾಯಿತು, ತಣ್ಣೀರು ಏನು ಮಾಡುತ್ತದೆ ಎನ್ನುತ್ತಾರೆ. ಚರ್ಮದ ರಕ್ತನಾಳಗಳು ಅಗಲವಾಗಿ ಮೈಯ ಬಿಸಿ ಹೊರಗೆ ಹೋಗುತ್ತಿರುವ ಲಕ್ಷಣ ಅದು. ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ ಹೊಳೆಗೆ ರಾತ್ರಿ ಇಳಿದು ನೋಡಿದವರಿಗೆ ಗೊತ್ತು, ಹೆಚ್ಚು ಹೊತ್ತು ನಿಂತರೆ ಬೆರಳು ಮರಗಟ್ಟುತ್ತದೆ. ಬೆರಳು ಮರಗಟ್ಟಿದವನಿಗೆ ಬೇರು ಹಿಡಿದು ಮೇಲೆ ಬರಲು ಆಗುವುದಿಲ್ಲ.

"ಈಗ ಅಮಲು ಇಳಿದಿದೆ, ಸರಿಯಾಗಿದ್ದೇನೆ" ಎನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ನಮ್ಮಲ್ಲಿ ಸಿಗುವ ಬ್ರಾಂದಿ, ರಮ್ಮಿನಲ್ಲಿ ಶೇ. 42.8 ಮದ್ಯಸಾರ. ಒಂದು ಕ್ವಾರ್ಟರ್ ಎಂದರೆ 180 ಮಿಲಿ. ಅದರಲ್ಲಿ ಶುದ್ಧ ಮದ್ಯಸಾರ ಸುಮಾರು 60 ಗ್ರಾಂ. ಸಾಧಾರಣ ಮನುಷ್ಯನ ಲಿವರು ಗಂಟೆಗೆ 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತದೆ. ಅಂದರೆ ಒಂದು ಕ್ವಾರ್ಟರ್ ಪೂರ್ತಿ ಇಳಿಯಲು ಆರರಿಂದ ಎಂಟೂವರೆ ಗಂಟೆ. ರಾತ್ರಿ ಹನ್ನೊಂದಕ್ಕೆ ಮುಗಿಸಿದವನು ಬೆಳಗ್ಗೆ ಐದಕ್ಕೆ ಬಲೆ ಹಿಡಿದು ಹೊಳೆಗೆ ಹೊರಟರೆ ಅವನ ರಕ್ತದಲ್ಲಿ ರಾತ್ರಿಯದ್ದು ಇನ್ನೂ ಉಂಟು. ಬಿಯರು ಏನೂ ಅಲ್ಲ ಎನ್ನುವ ಮಾತು ಬೇರೆ. 650 ಮಿಲಿಯ ಒಂದು ಸ್ಟ್ರಾಂಗ್ ಬಾಟಲಿಯಲ್ಲಿ 30 ಮಿಲಿಯ ನಾಲ್ಕು ಪೆಗ್ಗಿನಷ್ಟು ಮದ್ಯಸಾರ ಇದೆ. ಮಜ್ಜಿಗೆ, ಲಿಂಬೆಹುಳಿ, ಹಾಲಿಲ್ಲದ ಕಟ್ಟಂಚಾಯ ಯಾವುದೂ ಲಿವರಿನ ವೇಗ ಹೆಚ್ಚಿಸುವುದಿಲ್ಲ. "ಹೊಳೆಯಲ್ಲಿ ಮಿಂದರೆ ಇಳಿಯುತ್ತದೆ" ಎನ್ನುವುದು ಎಲ್ಲಕ್ಕಿಂತ ಅಪಾಯದ ಮದ್ದು. ಎಷ್ಟೋ ಜನ ಆ ಮದ್ದಿಗೆಂದೇ ನೀರಿಗೆ ಇಳಿಯುತ್ತಾರೆ.

ಈಜಲು ಇಳಿಯದವರೂ ಹೋಗುತ್ತಾರೆ, ಅದನ್ನು ಮರೆಯಬಾರದು. ರಾತ್ರಿ ಮೂತ್ರಕ್ಕೆಂದು ದಂಡೆಯ ತುದಿಗೆ ನಿಂತವನು. ಮಳೆಗಾಲದಲ್ಲಿ ಹೊಳೆ ದಂಡೆಯನ್ನು ಅಡಿಯಿಂದ ಕೊರೆದಿರುತ್ತದೆ, ಮೇಲೆ ಹುಲ್ಲು ಹಸಿರಾಗಿ ಕಾಣುತ್ತದೆ. ಮದುವೆ ಮನೆಯ ಮೆಹಂದಿ ಮುಗಿಸಿ ಅಡಿಕೆ ಮರದ ಸಂಕ (ಕಾಲುಸೇತುವೆ) ದಾಟಿ ಮನೆಗೆ ಹೊರಟವನು. ಹಗಲು ಕಣ್ಣು ಮುಚ್ಚಿ ದಾಟುವ ಸಂಕ ಅದು. ಮೊದಲ ಮಳೆಗೆ ಗದ್ದೆಗೆ ಮೀನು ಹತ್ತುವ ರಾತ್ರಿ ಟಾರ್ಚು, ಕತ್ತಿ ಹಿಡಿದು ಹೋದವನು. ಇವರಲ್ಲಿ ಯಾರಿಗೂ ನೀರಿಗೆ ಇಳಿಯುವ ಯೋಚನೆಯೇ ಇರುವುದಿಲ್ಲ. ಅಂಥ ರಾತ್ರಿ ಒಂದೇ ದಾರಿ: ಒಬ್ಬನನ್ನೇ ಕಳಿಸಬೇಡಿ. ಸಂಕದ ದಾರಿ ಬಿಟ್ಟು ಸುತ್ತು ಬಳಸಿದರೂ ಮಾರ್ಗದಲ್ಲೇ ಕರೆದುಕೊಂಡು ಹೋಗಿ. ಇಲ್ಲವಾ, ಮದುವೆ ಮನೆಯ ಅಂಗಳದಲ್ಲಿ ಒಂದು ಚಾಪೆ ಹಾಕಿ ಮಲಗಿಸಿ, ಮಗ್ಗುಲಾಗಿ. ಅಂಗಾತ ಮಲಗಿದವನು ವಾಂತಿ ಮಾಡಿದರೆ ನೀರಿಲ್ಲದೆಯೂ ಮುಳುಗುತ್ತಾನೆ.

ಕಲ್ಲುಕೋರೆ ಮತ್ತು ಪ್ಲಾಸ್ಟಿಕ್ ಕೆರೆಯ ಬಗ್ಗೆ ನಾಲ್ಕು ಮಾತು ಜಾಸ್ತಿ ಹೇಳಬೇಕು, ಯಾಕೆಂದರೆ ಹೊಳೆಗಾದರೂ ದಂಡೆ ಉಂಟು. ಕೆಂಪುಕಲ್ಲಿನ ಕೋರೆಯನ್ನು ಮೆಷಿನಿನಲ್ಲಿ ಕೊಯ್ದಿರುತ್ತಾರೆ, ಗೋಡೆ ಮನೆಯ ಗೋಡೆಯ ಹಾಗೆ ನೇರ. ಮಳೆಗಾಲದಲ್ಲಿ ತುಂಬಿದರೆ ನೀಲಿಯಾಗಿ ಚೆಂದ ಕಾಣುತ್ತದೆ, ಫೋಟೋಕ್ಕೂ ಒಳ್ಳೆಯದು. ಬಿದ್ದವನಿಗೆ ಹಿಡಿಯಲು ಒಂದು ಬೇರೂ ಇಲ್ಲ. ಮೇಲಿನಿಂದ ಹಾರಿದರೆ ಕೆಳಗೆ ಅರ್ಧ ಕೊಯ್ದು ಬಿಟ್ಟ ಕಲ್ಲಿನ ಮೆಟ್ಟಿಲು ಎಲ್ಲಿದೆ ಎಂದು ಕಾಣುವುದಿಲ್ಲ. ತೋಟಕ್ಕೆ ನೀರು ಹಿಡಿಯಲು ಪ್ಲಾಸ್ಟಿಕ್ ಹಾಸಿ ಮಾಡಿದ ಕೆರೆ ಇನ್ನೊಂದು ಬಗೆ. ಆ ಹಾಸಿನ ಮೇಲೆ ಪಾಚಿ ಕಟ್ಟಿದರೆ ಕುಡಿಯದವನಿಗೂ ಹತ್ತಿ ಬರುವುದು ಕಷ್ಟ. ನನ್ನ ಕೆರೆಯ ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟಿದ್ದೇನೆ. ಒಂದು ತುದಿ ಅಡಿಕೆ ಮರಕ್ಕೆ, ಇನ್ನೊಂದು ತುದಿ ನೀರಿಗೆ. ಆದ ಖರ್ಚು ಒಂದು ಕೋಳಿಯ ಕ್ರಯದಷ್ಟು. ಕೆರೆ ಮಾಡುವವರಿಗೆ ಹಣ ಮಂಜೂರು ಮಾಡುವಾಗ ಈ ಹಗ್ಗ ಕಟ್ಟಿದ್ದಾರಾ ಎಂದು ಕೇಳುವ ಒಂದು ನಿಯಮ ನೀವು ಮಾಡಬಹುದು, ಅಧ್ಯಕ್ಷರೇ. ಬಿಟ್ಟ ಕೋರೆಗೆ ಬೇಲಿ ಹಾಕಿಸುವ ಕೆಲಸವಂತೂ ಯಾವಾಗಲೋ ಆಗಬೇಕಿತ್ತು.

ಕಡಲಿನ ಮಾತು ನನಗಿಂತ ಮೊಗವೀರ ಬಂಧುಗಳಿಗೆ ಚೆನ್ನಾಗಿ ಗೊತ್ತು. ಒಂದೇ ಸಂಗತಿ ಹೇಳುತ್ತೇನೆ. ಕಣ್ವತೀರ್ಥದಿಂದ ಬೇಕಲದವರೆಗೆ ಎಲ್ಲೇ ಆಗಲಿ, ಅಳಿವೆ ಬಾಗಿಲಿನ ಹತ್ತಿರ ಇಳಿತದ ಹೊತ್ತಿಗೆ ಇಳಿಯಬೇಡಿ. ಹೊಳೆಯ ನೀರೂ ಇಳಿತದ ನೀರೂ ಸೇರಿ ಎಳೆಯುತ್ತವೆ. ಕಡಲಿನ ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ಗುದ್ದಾಡದೆ ಅಡ್ಡಕ್ಕೆ ಈಜಬೇಕು ಎಂದು ಎಲ್ಲರೂ ಹೇಳುತ್ತಾರೆ. ಸರಿ. ಆದರೆ ಆ ಬುದ್ಧಿ ತಲೆಗೆ ಬರಬೇಕಾದರೆ ತಲೆ ನೆಟ್ಟಗೆ ಇರಬೇಕಲ್ವಾ.

ಇನ್ನು ಮಕ್ಕಳು. ಕಟ್ಟದ ನೀರು ನಿಂತಾಗ ಭಾನುವಾರ ಮನೆಮಂದಿಯೆಲ್ಲ ಹೋಗುತ್ತೇವೆ. ಮಕ್ಕಳಿಗೆ ಸೊಂಟಕ್ಕೆ ಒಣ ತೆಂಗಿನಕಾಯಿ ಜೋಡಿ ಕಟ್ಟಿ ಈಜು ಕಲಿಸುವ ಪದ್ಧತಿ ಇನ್ನೂ ಅಲ್ಲಲ್ಲಿ ಉಂಟು, ಸಂತೋಷ. ಆದರೆ "ನಾನು ನೋಡಿಕೊಳ್ತೇನೆ, ನೀವು ಹೋಗಿ" ಎಂದು ಹೆಂಗಸರನ್ನು ಕಳಿಸಿ ಬಂಡೆಯ ಹಿಂದೆ ಲೋಟ ಇಟ್ಟುಕೊಂಡು ಕೂರುವ ಮಾವಂದಿರನ್ನು ನಾನು ನೋಡಿದ್ದೇನೆ. ಅದು ನೋಡಿಕೊಳ್ಳುವುದಲ್ಲ. ಕುಡಿದವನ ಕಣ್ಣು ಮಗುವಿನ ಮೇಲೆ ಇದ್ದರೂ ಮನಸ್ಸು ಅರ್ಧ ನಿಮಿಷ ಬೇರೆ ಕಡೆ ಹೋದರೆ ಆಯಿತು.

ಈಗ ನೀವು ಮಾಡಬಹುದಾದ ಕೆಲಸಕ್ಕೆ ಬರುತ್ತೇನೆ.

ಬೋರ್ಡಿನ ಮಾತು ಮೊದಲು. ನಮ್ಮ ಪರಿಸರದ ಒಂದು ಗುಂಡಿಯ ಹತ್ತಿರ ಒಂದು ಬೋರ್ಡು ಇದೆ. ಬರೀ ಮಲಯಾಳದಲ್ಲಿ. ನಮ್ಮ ಮಕ್ಕಳು ಓದಿಯಾರು. ನನ್ನ ವಯಸ್ಸಿನವರಲ್ಲಿ ಕನ್ನಡ ಶಾಲೆಗೆ ಮಾತ್ರ ಹೋದ ಎಷ್ಟೋ ಜನ ಓದಲಾರರು. ಪುತ್ತೂರು, ಸುಳ್ಯ, ವಿಟ್ಲದಿಂದ ಪಿಕ್‌ನಿಕ್ಕಿಗೆ ಬರುವ ಹುಡುಗರಂತೂ ಅದನ್ನು ಯಾವುದೋ ಜಾಹೀರಾತು ಎಂದುಕೊಂಡು ಅದಕ್ಕೇ ಅಂಗಿ ತೂಗಹಾಕುತ್ತಾರೆ. ಸುಮ್ನೆ ಹೇಳುತ್ತಿಲ್ಲ, ನಾನು ನೋಡಿದ್ದು. ಇದನ್ನು ಒಂದು ಕಚೇರಿಯಲ್ಲಿ ಹೇಳಿದಾಗ "ಭಾಷಾ ಸಮಸ್ಯೆ ಇದಕ್ಕೂ ತರ್ತೀರಾ" ಎಂದು ನಕ್ಕರು. ನಾನೂ ನಕ್ಕು ಎದ್ದು ಬಂದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಾವು ಕನ್ನಡಕ್ಕಾಗಿ ಕೇಳಿದ್ದು ಎಷ್ಟೋ ಇದೆ, ಸಿಕ್ಕಿದ್ದು ಸಿಕ್ಕಿತು, ಬಿಟ್ಟದ್ದು ಬಿಟ್ಟಿತು. ಆದರೆ ಜೀವ ಉಳಿಸುವ ಒಂದು ಸಾಲು ಓದಲು ಬರುವ ಅಕ್ಷರದಲ್ಲಿ ಇರಬೇಕು ಎನ್ನುವುದಕ್ಕೆ ಹೋರಾಟ ಸಮಿತಿ ಬೇಕಾ?

ಬರೆಯುವಾಗಲೂ 'ಸ್ನಾನ ನಿಷೇಧಿಸಲಾಗಿದೆ' ಎಂದು ಬರೆಯಬೇಡಿ. ಅದನ್ನು ಯಾರೂ ಕೇಳುವುದಿಲ್ಲ. ಎಷ್ಟು ಆಳ ಎಂದು ಬರೆಯಿರಿ. ಬಂಡೆ ಎಲ್ಲಿದೆ ಎಂದು ಬರೆಯಿರಿ. ಇಲ್ಲಿ ಎಷ್ಟು ಜನ ಹೋದರು ಎಂದು ಬರೆಯಿರಿ. "ಕುಡಿದಿದ್ದರೆ ದಂಡೆಯಲ್ಲೇ ಕೂತಿರಿ, ನೀರಿಗೆ ಬೇಡ" ಎಂದು ನಮ್ಮ ಭಾಷೆಯಲ್ಲಿ ಬರೆಯಿರಿ. ಕುಡಿತದ ಮಾತು ಬೋರ್ಡಿನಲ್ಲಿ ಬಂದರೆ ಪಂಚಾಯತೇ ಒಪ್ಪಿಗೆ ಕೊಟ್ಟ ಹಾಗೆ ಆಗುತ್ತದೆ ಎಂದು ಕೆಲವರು ಹೇಳಬಹುದು. ಆಗುವುದಿಲ್ಲ. ಆ ಗುಂಡಿಯ ಹೆಸರು ಮತ್ತು 112 ನಂಬರು ದೊಡ್ಡದಾಗಿ ಇರಲಿ. ಗಾಬರಿಯಲ್ಲಿ ಫೋನು ಮಾಡಿದವನಿಗೆ "ಎಲ್ಲಿ?" ಎಂದು ಕೇಳಿದರೆ ಹೇಳಲು ಬಾಯಿ ಬರುವುದಿಲ್ಲ.

ಎರಡನೆಯದು ಸಾಮಾನು. ಉಪ್ಪಳದಿಂದಲೋ ಕಾಸರಗೋಡಿನಿಂದಲೋ ಅಗ್ನಿಶಾಮಕದವರು ಹೊರಟು ನಮ್ಮ ಗುಡ್ಡದ ದಾರಿ ಇಳಿದು ಬರಲು ಅರ್ಧ ಗಂಟೆ ಬೇಕು. ಉಸಿರು ನಿಂತ ನಾಲ್ಕಾರು ನಿಮಿಷದಲ್ಲಿ ಮೆದುಳು ಹಾಳಾಗಲು ಸುರುವಾಗುತ್ತದೆ. ಆದ್ದರಿಂದ ಉಳಿಸುವವರು ದಂಡೆಯಲ್ಲಿ ಇದ್ದವರೇ. ಅಲ್ಲಿ ಒಂದು ಹಳೆ ಲಾರಿ ಟ್ಯೂಬು, ಇಪ್ಪತ್ತು ಮೀಟರು ನೈಲಾನ್ ಹಗ್ಗ, ಒಂದು ಉದ್ದದ ದೋಟಿ ಕೋಲು ಇರಲಿ. ಕದ್ದುಕೊಂಡು ಹೋಗುತ್ತಾರೆ ಅಲ್ವಾ ಎಂದು ಕೇಳಬಹುದು. ಹೋಗಲಿ, ಇನ್ನೊಂದು ಇಡಿ. ಏನೂ ಇಲ್ಲದಾಗ ಬಾಳೆದಿಂಡು ತೇಲುತ್ತದೆ, ಮುಚ್ಚಿದ ಖಾಲಿ ಕ್ಯಾನು ತೇಲುತ್ತದೆ, ಎರಡು ಮುಂಡು ಗಂಟು ಹಾಕಿದರೆ ಹಗ್ಗ. ಕುಡಿದವನು ಮಾತ್ರ ಕುಡಿದವನನ್ನು ಎಳೆಯಲು ಹಾರಬಾರದು. ಹಾಗೆ ಹಾರಿ ಒಂದರ ಬದಲು ಎರಡು ಹೆಣ ಎತ್ತಿದ ಸುದ್ದಿ ನಾವು ಎಷ್ಟು ಸಲ ಓದಿಲ್ಲ.

ಮೇಲೆ ತಂದ ಮೇಲೆ ಮಾಡುವ ತಪ್ಪು ಬೇರೆಯೇ. ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ಕಾಲು ಹಿಡಿದು ತಲೆಕೆಳಗೆ ಮಾಡಿ ತಿರುಗಿಸುವುದು. ನಾವೂ ಅವತ್ತು ಅದನ್ನೇ ಮಾಡಿದೆವು. ಕುಡಿದವನ ಹೊಟ್ಟೆ ಒತ್ತಿದರೆ ಬರುವುದು ವಾಂತಿ, ಅದು ಹೋಗುವುದು ಶ್ವಾಸಕೋಶಕ್ಕೆ. ಉಸಿರಿಲ್ಲದಿದ್ದರೆ ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಮೊದಲು ಬಾಯಿಗೆ ಉಸಿರು ಕೊಡಬೇಕು. ಆಮೇಲೆ ಎದೆಯ ನಡುವೆ ಗಟ್ಟಿಯಾಗಿ ಒತ್ತಬೇಕು, 30 ಒತ್ತಿಗೆ 2 ಉಸಿರು, ಆಂಬುಲೆನ್ಸ್ ಬರುವವರೆಗೆ. ಎದ್ದು ಕೂತು "ಎಂತ ಆಗಲಿಲ್ಲ, ಮನೆಗೆ ಹೋಗುವ" ಎಂದರೂ ಬಿಡಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಳಗೆ ಹೋದ ನೀರು ಕೆಲವು ಗಂಟೆ ಬಿಟ್ಟು ಉಸಿರು ಕಟ್ಟಿಸಬಹುದು, ಅದನ್ನು ಅಮಲು ಎಂದುಕೊಂಡು ಮಲಗಿಸಿದರೆ ಕೆಟ್ಟಿತು. ಓದಿ ಇದು ಬರುವುದಿಲ್ಲ, ಕೈಯಲ್ಲಿ ಮಾಡಿ ಕಲಿಯಬೇಕು. ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಮುಳುಗಿ ಸಾಯುವುದನ್ನು ತಡೆಯುವ ದಿನ ಎಂದು ಗುರುತಿಸಿತು. ನಮಗೆ ಅದು ಸರೀ ಆಟಿ, ಹೊಳೆ ತುಂಬಿದ ಕಾಲ, ತೋಟದ ಕೆಲಸವೂ ಕಡಿಮೆ. ಕೆಸರುಗದ್ದೆ ಆಟ, ಆಟಿದ ಕೂಟ ಎಲ್ಲ ಮಾಡುವ ಕ್ಲಬ್ಬುಗಳು ಅವತ್ತು ಒಂದು ಗಂಟೆ ಇದಕ್ಕೆ ಕೊಡಲಿ.

ಕ್ಲಬ್ಬಿನ ಹುಡುಗರೇ, ನಿಮಗೆ ಇನ್ನೊಂದು ಮಾತು. ಗಮ್ಮತ್ತಿಗೆ ಹೋಗುವಾಗ ಬೈಕು ಬಿಡಲು ಒಬ್ಬ ಕುಡಿಯದವನನ್ನು ಇಟ್ಟುಕೊಳ್ಳುತ್ತೀರಿ. ಪೊಲೀಸರ ಊದುವ ಮೆಷಿನಿನ ಹೆದರಿಕೆಗಾದರೂ ಸರಿ. ನೀರಿಗೂ ಹಾಗೆ ಒಬ್ಬನನ್ನು ಇಡಿ. ಅವನ ಕೆಲಸ ತಲೆ ಎಣಿಸುವುದು. ಮತ್ತೆ ಮೊದಲು ಸ್ನಾನ, ಆಮೇಲೆ ಬಾಟಲಿ. ಅವತ್ತು ಈ ಕ್ರಮ ಒಂದನ್ನು ನಾವು ತಪ್ಪಿಸದಿದ್ದರೆ ನನ್ನ ಸ್ನೇಹಿತ ಇವತ್ತು ಇರುತ್ತಿದ್ದ.

ಕೊನೆಯ ಬೇಡಿಕೆ ಅಧ್ಯಕ್ಷರಿಗೂ, ಅವರ ಮೂಲಕ ಪೊಲೀಸರಿಗೂ. ಅವತ್ತು ನಾವು ಫೋನು ಮಾಡಲು ಹಿಂದೆಮುಂದೆ ನೋಡಿದೆವು. ಕೇಸು ಆಗುತ್ತದೆ ಎಂಬ ಹೆದರಿಕೆ. ಆ ಚರ್ಚೆಗೆ ಎಷ್ಟು ನಿಮಿಷ ಹೋಯಿತು ಎಂದು ನಾನು ಇವತ್ತಿಗೂ ಲೆಕ್ಕ ಹಾಕುತ್ತೇನೆ. ರಸ್ತೆ ಅಪಘಾತದಲ್ಲಿ ನೆರವಿಗೆ ಬಂದವರಿಗೆ ತೊಂದರೆ ಕೊಡಬಾರದು ಎಂದು 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಬಂತು. ಹೊಳೆಯ ದಂಡೆಯಲ್ಲೂ ಹಾಗೇ ನಡೆಯಲಿ. ಮುಳುಗಿದವನಿಗಾಗಿ ಫೋನು ಮಾಡಿದವನ ಬಾಯಿ ಮೂಸುವುದನ್ನು ಆಮೇಲೆ ಮಾಡೋಣ. ಈ ಒಂದು ಮಾತನ್ನು ಗ್ರಾಮಸಭೆಯಲ್ಲಿ ಎಲ್ಲರ ಎದುರು ಹೇಳಿಸಿದರೆ, ಮುಂದಿನ ಸಲ ಯಾರೂ ಬಾಟಲಿ ಎಸೆಯಲು ಓಡಲಾರರು, ಫೋನು ಹುಡುಕಲು ಓಡಿಯಾರು.

ನಮ್ಮ ತೋಡಿನ ಗುಂಡಿಗೆ ಒಂದು ಬೋರ್ಡು ನಾನೇ ಮಾಡಿಸುತ್ತಿದ್ದೇನೆ. ಹಲಸಿನ ಹಲಗೆ ಮನೆಯಲ್ಲಿತ್ತು, ಮರದ ಕೆಲಸದವರು ಗೀಸಿ ಕೊಟ್ಟಿದ್ದಾರೆ. ನೀರು ಇಳಿದಾಗ ದೋಟಿ ಇಳಿಸಿ ಅಳೆದೆ, ನಡುವಿನಲ್ಲಿ 11 ಅಡಿ. ಕನ್ನಡ ನಾನು ಬರೆಯುತ್ತೇನೆ. ಮಲಯಾಳ ಬರೆಯಲು ಚೆಂದದ ಅಕ್ಷರದ ಒಬ್ಬರು ಬೇಕು, ನನ್ನದು ಕೋಳಿ ಕೆದರಿದ ಹಾಗೆ. ನಮ್ಮ ವಾರ್ಡಿನ ಮೆಂಬರು ಬರುವ ಭಾನುವಾರ ಬರುತ್ತೇನೆ ಎಂದಿದ್ದಾರೆ. ಬಿಳಿ ಬಣ್ಣ ಮುಗಿದಿದೆ, ಬರುವಾಗ ಅರ್ಧ ಲೀಟರು ತಂದರೆ ಉಪಕಾರ.

ಇಂತಿ,
ಶಿರಿಯಾ ಹೊಳೆಯ ಪರಿಸರದ ಒಬ್ಬ ಅಡಿಕೆ ಕೃಷಿಕ